ಹೆಸರು ಹೋಗುವವರೆಗೆ ಬೇಯಿಸಿದ ಹಣ್ಣು

ನಮ್ಮ ಮನೆಯಲ್ಲಿ ಬೆಳಿಗ್ಗೆ ಯಾರೂ ನಾಷ್ಟಾ ಮಾಡುವುದಿಲ್ಲ. ಉಪ್ಪಿಟ್ಟು, ಸುಸ್ಲಾ, ಅವಲಕ್ಕಿ ಎಲ್ಲವನ್ನೂ ಹೊಟ್ಟೆ ತುಂಬ ತಿನ್ನುತ್ತೇವೆ, ಆದರೆ ಅದಕ್ಕೆ ನಾಷ್ಟಾ ಎನ್ನುವಂತಿಲ್ಲ. "ಮುಂಜಾನಿ ಊಟ" ಎನ್ನಬೇಕು. ಆಳಂದದಂಥ ಊರಿನಲ್ಲಿ, ಎದುರಾದವರೆಲ್ಲ "ನಾಷ್ಟಾ ಆತೇನ್ರಿ?" ಎಂದೇ ಮಾತು ಶುರು ಮಾಡುವ ಕಡೆ, ಇದನ್ನು ಪಾಲಿಸುವುದು ಸಣ್ಣ ಕೆಲಸವಲ್ಲ. ಬಂದ ನೆಂಟರು ಬಾಯಿ ತಪ್ಪಿ ಆ ಪದ ಅಂದರೆ ನನ್ನ ಗಂಡ ಕೆಮ್ಮುತ್ತಾರೆ, ನಾನು ನೀರು ತರಲು ಏಳುತ್ತೇನೆ, ಅತ್ತೆ ಸೆರಗಿನ ತುದಿಯಿಂದ ಕಿವಿ ಒರೆಸಿಕೊಳ್ಳುತ್ತಾರೆ. ಇದಕ್ಕೆಲ್ಲ ಕಾರಣ ಒಂದು ಹಣ್ಣು. ಆ ಕತೆ ಹೇಳದಿದ್ದರೆ ನಮ್ಮನ್ನು ಹುಚ್ಚರೆಂದುಕೊಳ್ಳುತ್ತೀರಿ. ಹೇಳಿದ ಮೇಲೂ ಅಂದುಕೊಳ್ಳಬಹುದು, ಅದು ನಿಮ್ಮಿಷ್ಟ.

ನನ್ನ ಮಾವ ತೊಗರಿ ಬೇಳೆಯ ವ್ಯಾಪಾರ ಮಾಡಿದವರು. ಈಗ ಆ ಅಂಗಡಿಯನ್ನು ನನ್ನ ಗಂಡ ನೋಡಿಕೊಳ್ಳುತ್ತಾರೆ. ಒಂದು ಬೇಳೆಯನ್ನು ಹಲ್ಲಿನ ನಡುವೆ ಇಟ್ಟು, ಇದು ಮಾದನಹಿಪ್ಪರಗಾದ ಹೊಲದ್ದೋ ಸರಸಂಬಾದ್ದೋ ಎಂದು ಮಾವ ಹೇಳಿಬಿಡುತ್ತಿದ್ದರು. ಸರಿಯೋ ತಪ್ಪೋ ಯಾರೂ ಕೇಳುತ್ತಿರಲಿಲ್ಲ, ಅಷ್ಟು ಧೈರ್ಯದಿಂದ ಹೇಳುತ್ತಿದ್ದರು. ಊಟವೂ ಹಾಗೆಯೇ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೇಲೊಂದು ಗಟ್ಟಿ ಮೊಸರು. ತಟ್ಟೆಯ ಮುಂದೆ ಕೂತರೆ ಏಳುವಾಗ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈ ಯಾರಾದರೂ ಹಿಡಿಯಲಿ ಎಂದು ಚಾಚುತ್ತಿದ್ದರು.

ಶ್ರಾವಣ ಶುರುವಾಗುವ ಹೊತ್ತಿಗೆ ಅವರಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಆದರೆ ಹೋಗುವಾಗ ನಾಲಿಗೆಯನ್ನೂ ಒಯ್ದಿತು. ರೊಟ್ಟಿ ಬಾಯಿಗಿಟ್ಟರೆ "ರದ್ದಿ ಕಾಗದ ಅಗದಂಗ ಆಗ್ತದ" ಎನ್ನುವರು. ಅನ್ನ ಕೊಟ್ಟರೆ ಸುಣ್ಣ ಎನ್ನುವರು. ಹಾಲು ಕುಡಿದರೆ ವಾಂತಿ. ಕಲಬುರಗಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಒಳಗೆ ಏನೂ ತೊಂದರೆಯಿಲ್ಲ, ಏನು ಸೇರುತ್ತದೋ ಅದನ್ನು ಕೊಡಿ, ಆದರೆ ಕೊಡಲೇಬೇಕು, ಈ ವಯಸ್ಸಿನಲ್ಲಿ ಹೀಗೆ ಹೊಟ್ಟೆ ಖಾಲಿ ಬಿಟ್ಟರೆ ದೇಹ ತಡೆಯುವುದಿಲ್ಲ ಎಂದು ಹೇಳಿ ಕಳಿಸಿದರು. ಸೇರುವುದು ಯಾವುದೂ ಇರಲಿಲ್ಲ. ಅಂಗಿ ತೋಳುಗಳಲ್ಲಿ ತೂಗಾಡತೊಡಗಿತು. ಎದೆಯ ಮೇಲಿನ ಶಿವದಾರ ಎಲುಬಿನ ಗುಂಡಿಯಲ್ಲಿ ಇಳಿದು ಕೂತಿತು. ನನಗೆ ಭಯವಾಗಿತ್ತು. ಜೇವರ್ಗಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ನಾನು ಬಡಿದ ಕರಕಲು ರೊಟ್ಟಿಯನ್ನು ಮುರಿದು ತಿಂದು "ಇನ್ನೊಂದ ಹಾಕವ್ವ" ಅಂದ ಒಬ್ಬನೇ ಮನುಷ್ಯ ಅವರು. ಅವರು ಹೀಗೆ ಗೋಡೆ ನೋಡುತ್ತ ಮಲಗಿದ್ದು ನನ್ನಿಂದ ನೋಡಲಾಗುತ್ತಿರಲಿಲ್ಲ.

ಹೀಗಿರುವಾಗ ಪಕ್ಕದ ಮನೆಯ ಖಾಲಾ ನೋಡಲು ಬಂದರು. ಅವರದೂ ನಮ್ಮದೂ ಒಂದೇ ಗೋಡೆ. ಅತ್ತೆಯೂ ಅವರೂ ಈ ಓಣಿಗೆ ಸೊಸೆಯಂದಿರಾಗಿ ಬಂದಾಗಿನಿಂದ ಆ ಗೋಡೆಯ ಮೇಲೆ ಪಲ್ಯದ ಬಟ್ಟಲು, ಸಕ್ಕರೆಯ ವಾಟಿ, ಮಕ್ಕಳ ಅಂಗಿ ಎಲ್ಲ ಓಡಾಡಿವೆ. ಖಾಲಾ ಕಲಬುರಗಿಯಿಂದ ತಂದ ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಹಸಿರು ಹಳದಿ ಬಣ್ಣ, ಕೆಳಗೆ ದಪ್ಪ, ಮೇಲೆ ಸಣ್ಣ ಕುತ್ತಿಗೆ. ಮಂಚದ ತುದಿಯಲ್ಲಿ ಕೂತು ಒಂದರ ಸಿಪ್ಪೆ ತೆಗೆದು, ಹೋಳು ಮಾಡಿ, ಮಾವನ ಕೈಗೆ ಕೊಟ್ಟರು.

ಮಾವ ತಿಂದರು. ಒಂದು ಹೋಳು, ಇನ್ನೊಂದು ಹೋಳು, ಇಡೀ ಹಣ್ಣು. ರಸ ಗಲ್ಲಕ್ಕೆ ಇಳಿಯಿತು. "ಇನ್ನೊಂದ ಕೊಡ್ರಿ," ಎಂದರು.

ಅತ್ತೆ ಬಾಗಿಲಲ್ಲಿ ನಿಂತು ಅತ್ತರು. ಖಾಲಾನ ಕೈ ಹಿಡಿದು ಅತ್ತರು. ನಾನೂ ಅತ್ತೆ. ಎಲ್ಲ ಅತ್ತಾದ ಮೇಲೆ, ಅತ್ತೆ ಕಣ್ಣೊರೆಸಿಕೊಂಡು ಕೇಳಬಾರದ ಪ್ರಶ್ನೆಯನ್ನು ಕೇಳಿದರು.

"ಇದಕ್ಕ ಏನಂತಾರಬೇ?"

"ನಾಶಪಾತಿ ಅಂತಾರ ಅಕ್ಕಾ."

ಅತ್ತೆ ಖಾಲಾನ ಕೈ ಬಿಟ್ಟರು. "ಏನಂದಿ?"

"ನಾಶಪಾತಿ."

"ನಾಶ. ಪತಿ." ಅತ್ತೆ ಆ ಪದವನ್ನು ನಡುವೆ ಮುರಿದು ಎರಡೂ ತುಂಡುಗಳನ್ನು ನೋಡಿದರು. ಆಮೇಲೆ ಹಾರಿ ಬಂದು ಮಾವನ ಕೈಯಲ್ಲಿದ್ದ ಎರಡನೇ ಹಣ್ಣನ್ನು ಕಸಿದುಕೊಂಡರು. "ಗಂಡನ್ನ ನಾಶ ಮಾಡು ಹಣ್ಣ ತಂದು ನನ್ನ ಗಂಡಗ ತಿನಿಸಾಕತ್ತೀಯಲ್ಲಬೇ! ಅದೂ ಜಡ್ಡು ಬಿದ್ದ ಗಂಡಗ!"

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು ಎಂಬ ಬುದ್ಧಿ ನಮ್ಮಂಥವರಿಗೆ ಇರುವುದಿಲ್ಲ. "ಅತ್ತಿ, ಅದು ಪತಿ ಅಲ್ಲರಿ, ಪಾತಿ. ಪಾ ದೀರ್ಘ. ಪತಿಯೊಳಗ ಪ ಹ್ರಸ್ವ," ಎಂದೆ.

"ಸಾವು ಬರುವಾಗ ದೀರ್ಘ ಹ್ರಸ್ವ ನೋಡಿ ಬರ್ತದೇನು?" ಎಂದರು ಅತ್ತೆ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ವ್ಯಾಕರಣದ ಬಗ್ಗೆ ಯಾರೂ ನನ್ನ ಬಾಯಿ ಹೀಗೆ ಮುಚ್ಚಿಸಿರಲಿಲ್ಲ.

ಖಾಲಾಗೆ ಬೇಸರವಾಯಿತು, ಆಗಬೇಕಾದದ್ದೇ. "ನಾ ಹುಟ್ಟಿದಾಗಿಂದ ತಿಂತೇನಿ ಅಕ್ಕಾ. ನಮ್ಮ ಮನ್ಯಾವರೂ ತಿಂತಾರ. ಅವರಿಗೇನಾಗ್ಯದ? ಗುಂಡಕಲ್ಲಿನಂಗ ಅದಾರ."

"ನಿಮ್ಮದು ಉರ್ದು," ಎಂದರು ಅತ್ತೆ. "ಉರ್ದುದಾಗ ಅದು ಬರೇ ಹಣ್ಣು. ನಿಮಗೇನೂ ಆಗಂಗಿಲ್ಲ. ಕನ್ನಡ ಕಿವಿಗೆ ಬಿದ್ದ ಮ್ಯಾಲೆ ಅದು ತನ್ನ ಕೆಲಸ ಮಾಡೇ ಮಾಡ್ತದ."

"ಹಂಗಾರ ದಿನಾ ಮುಂಜಾನಿ ನಾಷ್ಟಾ ಮಾಡ್ತೀರಲ್ಲ, ಅದರಾಗ ನಾಶ ಇಲ್ಲೇನು?"

ಖಾಲಾ ಇದನ್ನು ಗೆಲ್ಲಲು ಹೇಳಿದರು. ಆದರೆ ಅತ್ತೆ ಗಂಭೀರವಾಗಿ ಯೋಚನೆಗೆ ಬಿದ್ದರು. ಮರುದಿನ ಬೆಳಿಗ್ಗೆಯಿಂದ ನಮ್ಮ ಮನೆಯಲ್ಲಿ ನಾಷ್ಟಾ ನಿಂತುಹೋಯಿತು.

ಉಳಿದ ಹಣ್ಣುಗಳನ್ನು ಏನು ಮಾಡುವುದೆಂಬುದೂ ದೊಡ್ಡ ಪ್ರಶ್ನೆಯಾಯಿತು. ಮದುವೆಯಾದ ಯಾರಿಗೂ ಕೊಡುವಂತಿಲ್ಲ. ಮದುವೆಯಾಗದ ಹುಡುಗಿಯರಿಗೆ ಮುಂದೆ ಗಂಡ ಬರುತ್ತಾನೆ, ಅವನೇನು ಪಾಪ ಮಾಡಿದ್ದಾನೆ? ಆಕಳಿಗೆ ಹಾಕೋಣವೆಂದರೆ ಆಕಳಿನ ಸಂಸಾರದ ಬಗ್ಗೆ ಅತ್ತೆಗೆ ಖಾತ್ರಿ ಇರಲಿಲ್ಲ. ಕೊನೆಗೆ ಓಣಿಯ ತುದಿಯಲ್ಲಿ ಕಟ್ಟಿದ್ದ ಒಂದು ಎತ್ತು ಹೊಳೆಯಿತು. ಎತ್ತು ಯಾರ ಹೆಂಡತಿಯೂ ಅಲ್ಲ, ಯಾರ ಪತಿಯೂ ಅಲ್ಲ. ಆ ಎತ್ತು ಎಲ್ಲ ಹಣ್ಣುಗಳನ್ನೂ ತಿಂದು ಅತ್ತೆಯ ಕೈ ನೆಕ್ಕಿತು.

ಒಳಗಿನಿಂದ ಮಾವ ಕೂಗುತ್ತಿದ್ದರು: "ಆ ಹಣ್ಣ ಎಲ್ಲದ?"

ಎರಡು ದಿನ ಅವರು ಬೇರೇನನ್ನೂ ಮುಟ್ಟಲಿಲ್ಲ. ನಾನು ಮತ್ತೆ ನನ್ನ ವಿದ್ಯೆಯನ್ನು ಹೊರಗೆ ತೆಗೆದೆ. "ಅತ್ತಿ, ಅಚ್ಚ ಕನ್ನಡದಾಗ ಅದಕ್ಕ ಮರಸೇಬು ಅಂತಾರ. ಹಂಗೇ ಕರಿಯೂಣು."

"ಸೇಬು ಮರದಾಗ ಬಿಡದ ಬಳ್ಳ್ಯಾಗ ಬಿಡ್ತಾವೇನು? ಎಲ್ಲಾ ಸೇಬೂ ಮರಸೇಬೇ. ಅದೇನು ಹೆಸರು ಇಟ್ಟಂಗಾತು?" ಎಂದು ಅತ್ತೆ ನನ್ನ ಅಚ್ಚ ಕನ್ನಡವನ್ನೂ ತಳ್ಳಿಹಾಕಿದರು.

ಆಗ ನನ್ನ ಗಂಡ ಇಂಗ್ಲಿಷನ್ನು ಕರೆತಂದರು. ಅದಕ್ಕೆ ಪೇರ್ ಅಂತಾರೆ, ಅದರೊಳಗೆ ನಾಶವೂ ಇಲ್ಲ, ಗಂಡನೂ ಇಲ್ಲ ಎಂದರು. ಅತ್ತೆ ಆ ಪದವನ್ನು ಬಾಯಲ್ಲಿ ನಾಲ್ಕು ಸಲ ಹೊರಳಿಸಿ ನೋಡಿ ಒಪ್ಪಿದರು. ಹಳೆಯ ಹೆಸರು ಕೇಳಿದ ಅಂಗಡಿಯಿಂದ ತರಬಾರದು, ಹೊಸ ಹೆಸರಿನಿಂದಲೇ ಹೊಸ ಕಡೆಯಿಂದ ತರಿಸಬೇಕು ಎಂದು ಕರಾರು ಹಾಕಿದರು. ನನ್ನ ನಾದಿನಿಯನ್ನು ಅಫಜಲಪುರಕ್ಕೆ ಕೊಟ್ಟಿದೆ. ಅವಳ ಗಂಡನ ಮನೆಯವರಿಗೆ ಅತನೂರಿನಲ್ಲಿ ತೋಟವಿದೆ. ನನ್ನ ಗಂಡ ಫೋನು ಹಚ್ಚಿ, "ಪೇರ್ ಸಿಗ್ತಾವೇನವಾ?" ಎಂದರು.

"ಅಯ್ಯ ಅಣ್ಣಾ, ಬೇಕಾದಷ್ಟು! ಗಿಡದ ಕೆಳಗ ಬಿದ್ದು ಕೊಳಿಯಾಕತ್ತಾವ. ನಾಳಿನ ಬಸ್ಸಿಗೇ ಹಾಕ್ತೇನಿ."

ಅತನೂರಿನಲ್ಲಿ ಈ ಹಣ್ಣು ಬೆಳೆಯುತ್ತದೆಯೇ ಎಂದು ನಮಗ್ಯಾರಿಗೂ ಅನುಮಾನ ಬರಲಿಲ್ಲ. ಮಾವನಿಗೆ ಬೇಕಾದ ಹಣ್ಣು ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಬುದ್ಧಿ ಎಲ್ಲೋ ಹೋಗಿತ್ತು. ಮರುದಿನ ನನ್ನ ಗಂಡ ಬಸ್‌ಸ್ಟ್ಯಾಂಡಿನಿಂದ ಚೀಲವನ್ನು ಹೆಗಲ ಮೇಲೆ ಹೊತ್ತು ತಂದು ನಡುಮನೆಯ ಕಲ್ಲಿನ ಮೇಲೆ ಸುರಿದರು. ಪೇರಲ ಹಣ್ಣು. ಒಂದು ಗೋಣಿಚೀಲ ತುಂಬ ಪೇರಲ ಹಣ್ಣು, ಮಂಚದ ಕೆಳಗೆ, ಬಾಗಿಲ ಸಂದಿಗೆ ಉರುಳಿಕೊಂಡು ಹೋದವು. ಮಹಾರಾಷ್ಟ್ರದ ಗಡಿಗೆ ಹತ್ತಿದ ಆ ಕಡೆ ಪೇರು ಎಂದರೆ ಪೇರಲವೇ. ನಾದಿನಿಗೆ ಫೋನು ಮಾಡಿದರೆ ಅವಳೇ ಬೈದಳು: "ಪೇರು ಅಂದಿ, ಪೇರು ಕಳಿಸೇನಿ. ಇನ್ನೇನ ಕಳಿಸಬೇಕಿತ್ತು, ನನ್ನ ತಲಿ?"

ಮಾವ ಒಂದು ಪೇರಲವನ್ನು ಕಚ್ಚಿ, ಬೀಜ ಹಲ್ಲಿಗೆ ಸಿಕ್ಕಿ, ಅದನ್ನು ಮೆಲ್ಲನೆ ನೆಲಕ್ಕಿಟ್ಟು ಗೋಡೆಯ ಕಡೆ ಹೊರಳಿದರು. ಆ ಹೊರಳುವಿಕೆ ನನಗೆ ಸರಿ ಕಾಣಲಿಲ್ಲ. ಅಂದಿನಿಂದ ಅವರು ಹಣ್ಣು ಎಲ್ಲಿ ಎಂದು ಕೇಳುವುದನ್ನೂ ಬಿಟ್ಟರು. ಮಜ್ಜಿಗೆಯ ನೀರು ಎರಡು ಗುಟುಕು, ಅಷ್ಟೆ.

ಒಂದು ಮಧ್ಯಾಹ್ನ ಅಡುಗೆಮನೆಗೆ ಹೋದರೆ ಅತ್ತೆ ಬೇಳೆಯ ಡಬ್ಬಿಯ ಪಕ್ಕ ಕೂತಿದ್ದರು. ಕೆಲಸವೇನೂ ಮಾಡುತ್ತಿರಲಿಲ್ಲ. ಅತ್ತೆ ಕೆಲಸವಿಲ್ಲದೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಕೊಟ್ರ ಹೆಸರು ಹೊಡೀತದ. ಕೊಡದಿದ್ರ ಹಸಿವು ಹೊಡೀತದ. ನಾ ಏನ್ ಮಾಡ್ಲಿ, ನೀನೇ ಹೇಳು. ಕಲ್ತಾಕಿ ಇದ್ದಿ," ಎಂದರು.

ನನಗೆ ಸಿಟ್ಟು ಬಂದಿತ್ತು, ನಿಜ. ಮನುಷ್ಯ ಸಾಯುತ್ತಿರುವಾಗ ಪದ ಹಿಡಿದು ಕೂತಿದ್ದಾರಲ್ಲ ಎಂದು ಒಳಗೊಳಗೇ ಬೈದುಕೊಂಡಿದ್ದೆ. ಆ ಮುಖ ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಅವರ ಪಕ್ಕದಲ್ಲಿ ಕೂತೆ. ಅತ್ತೆ ಬೇಳೆ ಡಬ್ಬಿಯನ್ನೇ ನೋಡುತ್ತ ಕೇಳಿದರು, "ಹೋಳಿಗಿ ತಿನ್ನುವಾಗ ಯಾರರೆ ತೊಗರಿ ತಿನ್ನಾಕತ್ತೇನಿ ಅಂತಾರೇನು?"

"ಇಲ್ರಿ."

"ಬ್ಯಾಳಿ ಇದ್ದಾಗ ಬ್ಯಾಳಿ. ಕುದ್ದು, ಬೆಲ್ಲ ಬಿದ್ದು, ರುಬ್ಬಿದ ಮ್ಯಾಲೆ ಅದು ಹೂರಣ. ಹಿಂದಿನ ಹೆಸರು ಅಲ್ಲಿಗೆ ಮುಗೀತು. ಹೌದಲ್ಲ?" ಅತ್ತೆಯ ಕಣ್ಣು ನಿಧಾನವಾಗಿ ಬೆಳಗುತ್ತಿತ್ತು. "ಆ ಹಣ್ಣನ್ನ ಹೆಸರು ಹೋಗೂತನಕ ಬೇಯಿಸು."

ಹೆಸರು ಹೋಯಿತೋ ಇಲ್ಲವೋ ಎಂದು ನೋಡುವವರು ಯಾರು? ಅದನ್ನೂ ಅತ್ತೆ ಆಗಲೇ ಗೊತ್ತು ಮಾಡಿದ್ದರು. ಹುಟ್ಟಿದಾಗಿನಿಂದ ಆ ಹಣ್ಣು ತಿಂದ ಖಾಲಾ ರುಚಿ ನೋಡಬೇಕು. ಅವರಿಗೇ ಗುರುತು ಹತ್ತದಿದ್ದರೆ ಹೆಸರು ಪೂರ್ತಿ ಬಿಟ್ಟಿದೆ ಎಂದರ್ಥ. ಆಗ ಮಾವನಿಗೆ ಕೊಡಬಹುದು. ಪರೀಕ್ಷೆಗಳನ್ನು ನಾನು ಬಹಳ ನಡೆಸಿದ್ದೇನೆ, ಆದರೆ ಗುರುತು ಸಿಗದಂತೆ ಬರೆದವನಿಗೇ ಪಾಸು ಎಂಬ ಪರೀಕ್ಷೆ ಅದೇ ಮೊದಲು.

ನನ್ನ ಗಂಡ ಕಲಬುರಗಿಗೆ ಹೋಗಿ ಹಣ್ಣು ತಂದರು. ತಾನು ಇದನ್ನೆಲ್ಲ ನಂಬುವುದಿಲ್ಲವೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ ಮನುಷ್ಯ, ಆ ಚೀಲವನ್ನು ಎರಡೇ ಬೆರಳಲ್ಲಿ, ಮೈಯಿಂದ ದೂರ ಹಿಡಿದು ತಂದು ಹೊಸ್ತಿಲ ಹೊರಗೇ ಇಟ್ಟು, "ಅಂಗಡ್ಯಾಗ ಕೆಲಸ ಅದ," ಎಂದು ಹೊರಟುಹೋದರು. ಅವರೂ ಒಬ್ಬ ಪತಿಯೇ ಎಂಬುದು ನನಗೆ ಆಗ ನೆನಪಾಯಿತು. ನಾನು ಹಣ್ಣು ಹೆಚ್ಚುವ ದಿನಗಳಲ್ಲೆಲ್ಲ ಅಂಗಡಿಯಲ್ಲಿ ಅವರಿಗೆ ಭಾರಿ ಕೆಲಸ ಬರುತ್ತಿತ್ತು.

ಮೊದಲು ಶೀರಾ ಮಾಡಿದೆ. ಹಣ್ಣನ್ನು ತುರಿದು, ತುಪ್ಪದಲ್ಲಿ ಬಾಡಿಸಿ, ಹುರಿದ ರವೆ, ಸಕ್ಕರೆ, ಮೇಲೆ ಗೋಡಂಬಿ. ಹಸಿಯಾಗಿ ತಿಂದರೆ ಅಷ್ಟೇನೂ ವಾಸನೆಯಿಲ್ಲದ ಹಣ್ಣು ತುಪ್ಪದ ಬಿಸಿಗೆ ಬಿದ್ದ ಕೂಡಲೇ ಇಡೀ ಓಣಿಗೆ ತಾನು ಬಂದಿದ್ದೇನೆಂದು ಸಾರಿತು. ಖಾಲಾ ಒಳಗೆ ಬರಲೇ ಇಲ್ಲ. ಗೋಡೆಯ ಆಚೆಯಿಂದಲೇ ಕೂಗಿದರು: "ನಾಶಪಾತಿ ಹಲ್ವಾ ಮಾಡಾಕತ್ತೀರೇನ್ರಿ?" ಶೀರಾ ಎತ್ತಿಗೆ ಹೋಯಿತು.

ಆಮೇಲೆ ಹೋಳಿಗೆ. ಈ ಹಣ್ಣು ನೀರು ಬಿಡುತ್ತದೆಂದು ನನಗೆ ಗೊತ್ತಿರಲಿಲ್ಲ. ಹೂರಣ ಪಾಯಸವಾಯಿತು, ಹಂಚಿನ ಮೇಲೆ ಹೋಳಿಗೆ ಬಾಯಿ ಬಿಟ್ಟು ಒಳಗಿನದೆಲ್ಲ ಹೊರಗೆ ಹರಿದು ಕರಕಾಯಿತು. ಎರಡನೇ ಸಲ ಹಣ್ಣಿನ ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ತೊಗರಿ ಬೇಳೆಯ ಹೂರಣದೊಳಗೆ ಬೆರೆಸಿ, ಬೆಲ್ಲ, ಏಲಕ್ಕಿ, ಒಣಶುಂಠಿ ಧಾರಾಳವಾಗಿ ಹಾಕಿದೆ. ವಾಸನೆ ಅಡಗಿತು. ಖಾಲಾ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಬ್ಯಾಳಿ ಅದ. ಬೆಲ್ಲ ಅದ. ಏಲಕ್ಕಿ. ಶುಂಠಿ..." ಖಾಲಾ ಮೆಲುಕು ಹಾಕುತ್ತ ಹೋದರು. ಅತ್ತೆ ನನ್ನ ತೊಡೆ ಹಿಸುಕಿದರು. "ಮತ್ತ ಹಲ್ಲಿಗೆ ಸಣ್ಣಗ ಉಸುಕಿನಂಗ ಹತ್ತತದ. ಅದೇ ನೋಡ್ರಿ ನಾಶಪಾತಿ. ಬ್ಯಾರೆ ಯಾವ ಹಣ್ಣಿಗೂ ಆ ಕರಕರ ಇಲ್ಲ."

ಅವರು ಹೇಳಿದ್ದು ಸತ್ಯ. ಆ ಹಣ್ಣಿನ ತಿರುಳಲ್ಲಿ ಸಣ್ಣ ಸಣ್ಣ ಹರಳಿನಂಥದ್ದಿರುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ರುಬ್ಬಿದರೂ ಹೋಗುವುದಿಲ್ಲ. ಹೆಸರೆಲ್ಲ ಅಲ್ಲೇ ಅಡಗಿ ಕೂತಿದೆ ಎಂದು ಅತ್ತೆ ತೀರ್ಮಾನಿಸಿದರು. ಹೋಳಿಗೆಯೂ ಎತ್ತಿಗೆ ಹೋಯಿತು. ಅಷ್ಟರಲ್ಲಿ ಆ ಎತ್ತು ಹೊಲಕ್ಕೆ ಹೋಗುವಾಗ ನಮ್ಮ ಬಾಗಿಲ ಮುಂದೆ ನಿಂತು ಮುಂದೆ ಹೋಗಲು ಒಪ್ಪದಿರುವುದನ್ನು ಕಲಿತಿತ್ತು. ಅದರ ಯಜಮಾನ ಬಂದು ಜಗಳ ತೆಗೆದ.

ಮಾವ ಎದ್ದು ಬಚ್ಚಲಿಗೆ ಹೋಗಲು ಇಬ್ಬರ ಹೆಗಲು ಬೇಕಾಗತೊಡಗಿತು. ನಾನು ಶಾಲೆಗೆ ರಜೆ ಹಾಕಿದೆ. ಜೇವರ್ಗಿಯಲ್ಲಿರುವ ನನ್ನ ತಂಗಿಗೆ ಫೋನು ಮಾಡಿ ಅತ್ತುಕೊಂಡೆ. ಅವಳು ಮನೆಯಲ್ಲೇ ಕೇಕು ಮಾಡುವವಳು. ಓವನ್ ಇಲ್ಲ, ಕುಕ್ಕರಿನ ತಳಕ್ಕೆ ಎರಡು ಬೆರಳು ಉಸುಕು ಹರವಿ, ಸೀಟಿಯನ್ನೂ ರಬ್ಬರನ್ನೂ ತೆಗೆದಿಟ್ಟು, ಉಸುಕಿನ ಮೇಲೆ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸುತ್ತಾಳೆ. "ಉಪ್ಪು ಹಾಕಿದ್ರೂ ನಡೀತದ, ಆದ್ರ ಉಸುಕೇ ಛಲೋ. ಆದ್ರ ಜ್ವಾಕಿ ಅಕ್ಕಾ, ಮುಚ್ಚಳ ತೆಗಿಯುವಾಗ ಉಸುಕ ಕೇಕಿನಾಗ ಬೀಳ್ತದ," ಎಂದಳು.

ಉಸುಕು ಬೀಳುತ್ತದೆ. ಫೋನು ಕೈಯಲ್ಲಿ ಹಿಡಿದೇ ನಾನು ಎದ್ದು ನಿಂತೆ. ಉಸುಕಿನಲ್ಲೇ ಬೇಯಿಸಿದ ತಿಂಡಿ ಹಲ್ಲಿಗೆ ಕರಕರ ಎಂದರೆ ಅದು ಹಣ್ಣಿನದೆಂದು ಯಾರು ಹೇಳಬಲ್ಲರು?

ಅತ್ತೆಗೆ ಹೇಳಿದಾಗ ಅವರು ನನ್ನನ್ನು ಮೊದಲ ಬಾರಿಗೆ ಮರ್ಯಾದೆಯಿಂದ ನೋಡಿದರು. ಹಿಂದಿನ ಓಣಿಯಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಬುಟ್ಟಿ ಉಸುಕು ಕೇಳಿ ತಂದು, ತಾವೇ ಜರಡಿ ಹಿಡಿದು, ತೊಳೆದು, ಮಾಳಿಗೆಯ ಮೇಲೆ ಒಣಹಾಕಿ, ಕಾಗೆ ಬರದಂತೆ ಕೋಲು ಹಿಡಿದು ಕಾದರು. ಗೋಧಿ ಹಿಟ್ಟು, ಮೊಸರು, ಬೆಲ್ಲದ ಪುಡಿ, ತುಪ್ಪ, ಚಿಟಿಕೆ ಸೋಡಾ ನಾನು ಕಲಸಿದೆ. ಹಣ್ಣನ್ನು ಬಟಾಣಿಯಷ್ಟು ಸಣ್ಣಗೆ ಹೆಚ್ಚಿ, ಲವಂಗ ಶುಂಠಿ ಹಾಕಿ, ನೀರು ಇಂಗಿ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು ಹಿಟ್ಟಿನಲ್ಲಿ ಮುಳುಗಿಸಿದೆ. ಕುಕ್ಕರು ಒಲೆಯ ಮೇಲೆ ಕೂತಿತು. ಅತ್ತೆ ಅದರ ಮುಂದೆ ಕೂತರು. ನಡುನಡುವೆ ಕುಕ್ಕರಿನ ಹೊಟ್ಟೆಗೆ ಕಿವಿ ಹತ್ತಿರ ಒಯ್ದು ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ಹೆಸರು ಹೋಗುವ ಸಪ್ಪಳವಾಗುತ್ತದೆಂದುಕೊಂಡಿದ್ದರೋ ಏನೋ, ನಾನು ಕೇಳಲಿಲ್ಲ.

ಬೆಂದಾಗ ಬಂದ ಪರಿಮಳ ಎಂಥದ್ದೆಂದರೆ, ಮಾವನ ಚಿಂತೆಯ ನಡುವೆಯೂ ನನ್ನ ಬಾಯಲ್ಲಿ ನೀರೂರಿತು. ಮೇಲೆ ಬಿರುಕು ಬಿಟ್ಟ ಕೆಂಪು ಹೊದಿಕೆ, ಒಳಗೆ ಮೆತ್ತಗೆ, ಬೆಲ್ಲ ಕರಗಿ ಅಂಟಿಕೊಂಡ ಹಣ್ಣಿನ ತುಣುಕುಗಳು. ಡಬ್ಬಿ ಎತ್ತುವಾಗ ಅತ್ತೆ ನನ್ನ ಮೊಳಕೈಯನ್ನು ಬೇಕೆಂದೇ ತಟ್ಟಿದರು. ಒಂದು ಚಿಟಿಕೆ ಉಸುಕು ಅಂದವಾಗಿ ಕೇಕಿನ ಮೇಲೆ ಉದುರಿತು.

ಖಾಲಾ ಬಂದರು. ತಿಂದರು. ಬಹಳ ಹೊತ್ತು ಅಗಿದರು. ಅಗಿಯುತ್ತ ಅಗಿಯುತ್ತ ಅವರ ನೋಟ ಮಾವನ ಕೋಣೆಯ ಬಾಗಿಲಿಗೆ ಹೋಯಿತು, ಅಲ್ಲಿಂದ ಅತ್ತೆಯ ಕೈಗೆ ಬಂತು. ಅತ್ತೆ ತಮ್ಮ ಎರಡೂ ಕೈಗಳನ್ನು ಒಂದರೊಳಗೊಂದು ಸಿಕ್ಕಿಸಿ ಹಿಡಿದುಕೊಂಡಿದ್ದರು.

"ಗೊತ್ತಾಗವಲ್ದು ಅಕ್ಕಾ," ಎಂದರು ಖಾಲಾ. "ಸೇಬೇನೋ, ಕುಂಬಳಕಾಯೇನೋ. ಬರೇ ಉಸುಕೇ ಉಸುಕು."

ಅವರು ಸುಳ್ಳು ಹೇಳಿದರೆಂದು ನನಗೆ ತಕ್ಷಣ ತಿಳಿಯಿತು. ಗೋಡೆಯಾಚೆಯಿಂದ ವಾಸನೆ ಹಿಡಿಯುವ ಹೆಂಗಸಿಗೆ ಬಾಯಲ್ಲಿದ್ದದ್ದು ಗೊತ್ತಾಗುವುದಿಲ್ಲವೇ? ಆ ಕ್ಷಣದಲ್ಲಿ ನಾನು ಖಾಲಾನ ಕಾಲಿಗೆ ಬೀಳಲೂ ಸಿದ್ಧಳಿದ್ದೆ. ಅತ್ತೆ ಬಿಳಿ ತಟ್ಟೆಯಲ್ಲಿ ಎರಡು ತುಂಡು ಇಟ್ಟುಕೊಂಡು ಒಳಗೆ ಹೋದರು, ನಾವಿಬ್ಬರೂ ಹಿಂದೆ ಹೋದೆವು. ಮಾವನನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಅವರು ಒಂದು ಚೂರು ಮುರಿದು ಬಾಯಿಗಿಟ್ಟರು. ನುಂಗಿದರು. ಇನ್ನೊಂದು ಚೂರು ಮುರಿದರು. ಮೊದಲನೆಯ ತುಂಡು ಪೂರ್ತಿ ಮುಗಿಯಿತು. ಅವರ ಮುಖದಲ್ಲಿ ಆ ಹಳೆಯ ವ್ಯಾಪಾರಿಯ ಕಳೆ ಬಂತು.

"ನಾಶಪಾತಿ ಛಲೋ ಹತ್ತತದ," ಎಂದರು. "ಆದ್ರ ಉಸುಕ ಯಾಕ ಹಾಕೀರಿ?"

ಖಾಲಾ ಹಣೆ ಬಡಿದುಕೊಂಡರು. ಅತ್ತೆ ತಟ್ಟೆಯನ್ನು ಕಸಿದುಕೊಂಡು ಬೆನ್ನ ಹಿಂದೆ ಹಿಡಿದರು. "ಅಂದುಬಿಟ್ರಲ್ಲ! ನಿಮ್ಮ ಬಾಯಿಲೇ ಅಂದುಬಿಟ್ರಲ್ಲ!"

"ತಟ್ಟಿ ಇತ್ತ ತಾ."

"ಕೊಡಂಗಿಲ್ಲ."

"ಈ ಮನ್ಯಾಗ ಎಲ್ಲಾ ಕೇಳಿಸ್ತದಬೇ ನನಗ. ಜಡ್ಡು ಬಂದದ್ದು ನಾಲಿಗಿಗೆ, ಕಿವಿಗಲ್ಲ," ಎಂದರು ಮಾವ. ಅವರ ದನಿ ಏರಿದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು. "ಹಣ್ಣಿನ ಹೆಸರಿಗೆ ಹೆದರಿ ನನ್ನನ್ನ ಉಪವಾಸ ಕೆಡವೀದಿ."

"ಹೆದರದೆ ಏನ್ ಮಾಡ್ಲಿ?" ಎಂದರು ಅತ್ತೆ. "ನೀವು ಹೋದ್ರ ನಾ ಯಾರ ಕೂಡ ಜಗಳಾಡ್ಲಿ? ಯಾರಿಗೆ ರೊಟ್ಟಿ ಬಡೀಲಿ? ಒಂದು ಅಕ್ಷರಾನೂ ನಿಮ್ಮ ಮ್ಯಾಲೆ ಬೀಳಬಾರದು ಅಂತ ನಾ ಕಾಯಾಕತ್ತೇನಿ, ನಿಮಗ ನಗಿ ಬರ್ತದ."

"ನಗಿ ಎಲ್ಲಿ ಬಂದದ? ನೋಡು ನನ್ನ ಮುಖ."

ಅತ್ತೆ ನೋಡಲಿಲ್ಲ. ತಟ್ಟೆ ಬೆನ್ನ ಹಿಂದೆಯೇ ಇತ್ತು. ಮಾವ ಅಂಗಡಿಯಲ್ಲಿ ಗಿರಾಕಿಗೆ ಹೇಳುವ ನಿಧಾನದಲ್ಲಿ ಕೇಳಿದರು. "ನನ್ನ ಹೆಸರು ಯಾಕ ಹೇಳಂಗಿಲ್ಲ ನೀನು?"

ಇದನ್ನು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ನಾನೇ ನನ್ನ ಗಂಡನನ್ನು ಫೋನಿನಲ್ಲಿ "ಕೇಳಿಸ್ತದೇನ್ರಿ" ಎಂದು ಕರೆಯುತ್ತೇನೆ. ಅತ್ತೆಯಂತೂ ಮತದಾನದ ಚೀಟಿ ಕೊಡಲು ಬಂದವರು ಗಂಡನ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದರು.

"ಯಾಕಂದ್ರ ಏನು? ಆಯುಷ್ಯ ಕಡಿಮಿ ಆಗ್ತದ," ಎಂದರು ಅತ್ತೆ.

"ಮದಿವ್ಯಾದಾಗಿಂದ ಒಂದ್ಸಲರೆ ಅಂದೀಯೇನು?"

"ಇಲ್ಲ."

"ಹೊಲದಾಗಿದ್ದಾಗ? ಜಾತ್ರ್ಯಾಗ ಕೈ ತಪ್ಪಿದಾಗ? ಸಿಟ್ಟು ಬಂದಾಗ?"

"ಇಲ್ಲಂದೆನಲ್ಲ."

"ಹಂಗಾರ ಅಷ್ಟೂ ಆಯುಷ್ಯ ಎಲ್ಲಿ ಹೋತು? ನೀ ಕರೀಬೇಕಂತ ಬಾಯಿಗೆ ಬಂದದ್ದು, ನುಂಗಿದ್ದು, ಅದೆಲ್ಲಾ ನನ್ನ ಲೆಕ್ಕಕ್ಕ ಜಮಾ ಆಗಿರಬೇಕಲ್ಲ? ಒಂದು ಹಣ್ಣು ಅದರಾಗ ಎಷ್ಟು ತಿಂದೀತು?"

ಅತ್ತೆಯ ತರ್ಕಕ್ಕೆ ಅವರದೇ ಅಳತೆಯ ಉತ್ತರ ಆ ಮನೆಯಲ್ಲಿ ಅದುವರೆಗೂ ಯಾರೂ ಕೊಟ್ಟಿರಲಿಲ್ಲ. ಖಾಲಾ ನನ್ನ ಪಕ್ಕದಲ್ಲಿ "ಹೌದ್ರಿ, ಬರೋಬ್ಬರಿ ಅದ," ಎಂದು ಮೆಲ್ಲಗೆ ಅಂದರು. ಅತ್ತೆ ತಟ್ಟೆಯನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಂದರು. ಮಂಚದ ಮೇಲೆ ಕೂತು ಕೇಕಿನ ತುಂಡಿನಿಂದ ಉಸುಕಿನ ಕಾಳುಗಳನ್ನು ಉಗುರಿನಿಂದ ಒಂದೊಂದಾಗಿ ತೆಗೆಯತೊಡಗಿದರು.

ಮಾವ ಅದನ್ನೇ ನೋಡುತ್ತಿದ್ದರು. ಆಮೇಲೆ ಬೇರೆಯದೇ ದನಿಯಲ್ಲಿ, ನಾವಿಬ್ಬರು ಅಲ್ಲಿ ನಿಂತಿರುವುದನ್ನು ಮರೆತವರಂತೆ ಹೇಳಿದರು. "ಹೆಣದ ಮುಂದ ಕುಂತು ಗಂಡನ ಹೆಸರ ಹಿಡಿದು ಅಳ್ತಾರ ನೋಡು, ಹೆಣ್ಣಮಕ್ಕಳು. ಎಷ್ಟು ಸಲ ಕೇಳೇನಿ ನಾ. ಅವಾಗ ಕರದ್ರ ಅವರಿಗೇನ್ ಕೇಳ್ತದ? ನನಗ ಕೇಳೂ ಮುಂದ ಒಂದ್ಸಲ ಕರಿ."

ಅತ್ತೆಯ ಉಗುರು ನಿಂತಿತು. ಖಾಲಾ ನನ್ನ ಸೆರಗು ಹಿಡಿದು ಹೊರಗೆ ಎಳೆದರು, ನಾನು ಹೋಗಲಿಲ್ಲ. ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು, ಕೇಕಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡರು, ಮತ್ತು ಮಾವನನ್ನು ಹೆಸರು ಹಿಡಿದು ಕರೆದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪಿಸುಮಾತಿನಲ್ಲಲ್ಲ, ಗಟ್ಟಿಯಾಗಿಯೇ ಕರೆದರು, ಊಟದ ಹೊತ್ತಿಗೆ ದೂರದ ಹೊಲದಲ್ಲಿರುವವರನ್ನು ಕರೆಯುವ ಹಾಗೆ, ಕೊನೆಯ ಅಕ್ಷರವನ್ನು ಎಳೆದು.

"ಓ," ಎಂದರು ಮಾವ. "ಇಲ್ಲೇ ಅದೇನಿ."